ಕೈಯಿಂದ ನೋಡುವ ಜಮಖಾನ

ನಮ್ಮ ಮನೆಯಲ್ಲಿ ಇಪ್ಪತ್ತೆರಡು ಹಾಸುಗಳಿವೆ. ಬಂದವರನ್ನು ಕೂಡ್ರಿಸುವುದು ಮಾತ್ರ ಪ್ಲಾಸ್ಟಿಕ್ ಚಾಪೆಯ ಮೇಲೆ. ಇದನ್ನು ನಾನೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಹೆಂಡತಿ ಸುಮಿತ್ರಾ ಹೇಳುತ್ತಾಳೆ. ಅವಳು ಹೇಳುವಾಗ ಇನ್ನೂ ನಾಲ್ಕು ಮಾತು ಅದಕ್ಕೆ ಸೇರಿಕೊಂಡಿರುತ್ತವೆ. ಅಣ್ಣಿಗೇರಿಯ ನಮ್ಮ ಮನೆಯ ಒಳಕೋಣೆಯಲ್ಲಿ ಎರಡು ಕಪಾಟುಗಳ ತುಂಬ ಹಳೆಯ ಜಮಖಾನ, ಕಂಬಳಿ, ಹೆಗಲಚೀಲಗಳನ್ನು ಸುತ್ತಿಟ್ಟಿದ್ದೇನೆ. ನಡುನಡುವೆ ಡಾಂಬರುಗುಳಿಗೆ, ಬೇವಿನೆಲೆ. ತಿಂಗಳಿಗೊಮ್ಮೆ ಅವನ್ನು ಬಿಚ್ಚಿ, ಕೈಯಾಡಿಸಿ, ಮತ್ತೆ ಸುತ್ತಿಡುತ್ತೇನೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವನಿಗೆ ಇಷ್ಟಾದರೂ ಉದ್ಯೋಗ ಬೇಡವೇ ಎಂದು ನಾನು ವಾದಿಸುತ್ತೇನೆ. “ಹಾಸೂ ವಸ್ತು ಮಡಚಿಟ್ಟು, ಮಡಚಿಡೂ ಚಾಪಿ ಹಾಸೂ ಮನಿ ಇದೊಂದ ನೋಡ್ರಿ,” ಎಂದು ಅವಳು ಬಂದವರಿಗೆ ಹೇಳುತ್ತಾಳೆ. ಬಂದವರು ನಗುತ್ತಾರೆ. ನಾನೂ ನಗುತ್ತೇನೆ, ಕಪಾಟಿನ ಕೀಲಿ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡು.

ಈ ಹುಚ್ಚು ಹತ್ತಿದ್ದು ಅಜ್ಜನಿಂದ. ಅಜ್ಜ ಕುಬಿಹಾಳದಲ್ಲಿದ್ದ. ಕುಂದಗೋಳದ ಸಂತೆಗೆ ಹೊರಟನೆಂದರೆ ಹೆಗಲ ಮೇಲೆ ಹಸಿಬಿ ಚೀಲ ಇರಲೇಬೇಕು. ಹೊಸಬರಿಗೆ ಆ ಚೀಲದ ಗುರುತು ಇರಲಿಕ್ಕಿಲ್ಲ. ಒಂದು ಮಾರು ಉದ್ದದ ದಪ್ಪ ಬಟ್ಟೆ, ಎರಡೂ ತುದಿಗೆ ಒಂದೊಂದು ಚೀಲ. ಹೆಗಲ ಮೇಲೆ ಹಾಕಿದರೆ ಒಂದು ಎದೆಗೆ ಬರುತ್ತದೆ, ಇನ್ನೊಂದು ಬೆನ್ನಿಗೆ. ಮುಂದಿನದರಲ್ಲಿ ಎಲೆ ಅಡಿಕೆ, ಕನ್ನಡಕ, ಹೊಲದ ಕಾಗದ. ಹಿಂದಿನದರಲ್ಲಿ ನಮಗಾಗಿ ಚುರಮುರಿ, ಬೆಂಡು ಬೆತ್ತಾಸ. ಸಂತೆಯಿಂದ ಬರುವ ಅಜ್ಜನನ್ನು ಊರ ಹೊರಗೇ ಕಾದು ನಿಂತು, ಸದ್ದಾಗದಂತೆ ಹಿಂದಿನಿಂದ ಹೋಗಿ ನಾವು ಬೆತ್ತಾಸ ಎಗರಿಸುತ್ತಿದ್ದೆವು. ಅಜ್ಜನಿಗೆ ತಿಳಿಯುವುದಿಲ್ಲ ಎಂದು ನಮ್ಮ ಭಾವನೆ. ಹಿಂದೆ ಹಗುರಾದಂತೆ ಮುಂದಿನ ಚೀಲ ಕೆಳಕ್ಕೆ ಜಗ್ಗುತ್ತದೆ, ಹೊತ್ತವನಿಗೆ ಅದು ತಿಳಿಯದೇ ಇರುವುದಿಲ್ಲ ಎಂಬುದು ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ.

ಅಜ್ಜ ತೀರಿಕೊಂಡಾಗ ನಾನು ಧಾರವಾಡದಲ್ಲಿ ಕಲಿಯುತ್ತಿದ್ದೆ. ರಜೆಗೆ ಬಂದು ನೋಡಿದರೆ ಚೀಲವನ್ನು ಎರಡು ತುಂಡು ಮಾಡಿದ್ದರು. ಒಂದು ತುಂಡು ಚಕ್ಕಡಿಯ ಅಚ್ಚು ಒರೆಸಿ ಒರೆಸಿ ಕೀಲೆಣ್ಣೆ ಕುಡಿದು ಕಪ್ಪಾಗಿತ್ತು. ಇನ್ನೊಂದು ಬಚ್ಚಲಲ್ಲಿ ಹಂಡೆಯ ಕೆಳಗಿತ್ತು. ಯಾರದೂ ತಪ್ಪಲ್ಲ, ಹಳೆಯ ಬಟ್ಟೆ ಮನೆಯಲ್ಲಿ ಹಾಗೆಯೇ ಸವೆಯುತ್ತದೆ. ಆದರೆ ನಾನು ಆ ಹಂಡೆಯ ಕೆಳಗಿನ ತುಂಡನ್ನು ಎಳೆದು, ತೊಳೆದು, ಟ್ರಂಕಿನಲ್ಲಿಟ್ಟುಕೊಂಡು ಧಾರವಾಡಕ್ಕೆ ಒಯ್ದೆ. ಆವತ್ತಿನಿಂದ ಹಳೆಯ ನೇಯ್ಗೆ ಕಂಡಲ್ಲಿ ನನ್ನ ಕಾಲು ನಿಲ್ಲುತ್ತದೆ. ದುಮ್ಮವಾಡದಲ್ಲಿ ಒಬ್ಬರ ಮನೆಗೆ ಕನ್ಯೆ ನೋಡಲು ಹೋದವನು ಹುಡುಗಿಯನ್ನು ಬಿಟ್ಟು ಅವರು ಹಾಸಿದ್ದ ಜಮಖಾನವನ್ನೇ ನೋಡುತ್ತ ಕುಳಿತಿದ್ದೆ. ಆ ಸಂಬಂಧ ಕೂಡಲಿಲ್ಲ. ಜಮಖಾನವೂ ಸಿಗಲಿಲ್ಲ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ಹಳೆಯ ಸಾಮಾನು ಮಾರುವ ಗೆಳೆಯನೊಬ್ಬ ನನ್ನನ್ನು ಕರೆಸಿಕೊಂಡು ಗಂಟೊಂದನ್ನು ಬಿಚ್ಚಿದ. ಉಣ್ಣೆಯ ನೇಯ್ಗೆ. ದಾಳಿಂಬೆ ಸಿಪ್ಪೆಯ ಕೆಂಪು, ಕಡುನೀಲಿ, ಅಲ್ಲಲ್ಲಿ ಒಂಟೆಯ ಬಣ್ಣ. ಇರಾಣದಲ್ಲಿ ಕುರಿ ಕಾಯುತ್ತ ಗುಡ್ಡದಿಂದ ಗುಡ್ಡಕ್ಕೆ ತಿರುಗುವ ಜನ ಕತ್ತೆಯ ಬೆನ್ನಿಗೆ ಹಾಕುವ ಚೀಲವಂತೆ, ನೂರು ವರ್ಷದ್ದಂತೆ. ಅವನು ಏನೇನೋ ಹೇಳುತ್ತಿದ್ದ, ನನ್ನ ಕಿವಿಗೆ ಬೀಳಲಿಲ್ಲ. ಎರಡೂ ತುದಿಗೆ ಒಂದೊಂದು ಚೀಲ. ಎತ್ತಿ ಹೆಗಲ ಮೇಲೆ ಹಾಕಿಕೊಂಡೆ. ಒಂದು ಎದೆಗೆ ಬಂತು, ಒಂದು ಬೆನ್ನಿಗೆ. ಎಲ್ಲಿಯ ಇರಾಣ, ಎಲ್ಲಿಯ ಕುಬಿಹಾಳ. ಅಂಗಡಿಯ ಕನ್ನಡಿಯಲ್ಲಿ ಅಜ್ಜ ನಿಂತಿದ್ದ.

ಇದಕ್ಕೆ ಅಷ್ಟು ಬೆರಗಾಗಬೇಕಿಲ್ಲ ಎಂದು ಆಮೇಲೆ ಅನ್ನಿಸಿತು. ಚಾದರ, ಗಲೀಚೆ ಎನ್ನುವ ಮಾತುಗಳೆಲ್ಲ ಆ ಕಡೆಯಿಂದಲೇ ನಡೆದು ಬಂದವು. “ದರ್ಜಿ ಅಂಗಡಿ ಎಲ್ಲೈತಿ?” “ದವಾಖಾನಿ ಬಾಜೂಕ,” ಎಂದು ನಮ್ಮ ಪೇಟೆಯಲ್ಲಿ ಇಬ್ಬರು ಮಾತಾಡಿಕೊಂಡರೆ, ಅರ್ಧಕ್ಕರ್ಧ ಪಾರಸಿಯಲ್ಲೇ ಮಾತಾಡಿದಂತೆ. ಮಾತು ಬಂದ ದಾರಿಯಲ್ಲಿ ಒಂದು ಚೀಲವೂ ಬಂದಿರಬಹುದು. ಅಥವಾ ಎರಡು ಕೈ ಖಾಲಿ ಇಟ್ಟುಕೊಂಡು ನಡೆಯಬೇಕಾದ ಮನುಷ್ಯನಿಗೆ ಎಲ್ಲ ಊರಲ್ಲೂ ಅದೇ ಉಪಾಯ ಹೊಳೆದಿರಬಹುದು.

ಒಳ್ಳೆಯ ವಸ್ತು ಸಿಕ್ಕರೆ ಸಂಗ್ರಹಕಾರನಿಗೆ ಅದನ್ನು ತಿಳಿದವರ ಮುಂದೆ ಬಿಚ್ಚಿ ತೋರಿಸುವ ಚಪಲ. ನನ್ನ ಹಳೆಯ ವಿದ್ಯಾರ್ಥಿನಿ ರಜಿಯಾ ಮದುವೆಯಾಗಿ ನವಲಗುಂದಕ್ಕೆ ಹೋಗಿದ್ದಳು. ಅವಳ ಗಂಡನ ಅಜ್ಜಿ ಖಾತೂನಬಿ ಜಮಖಾನ ನೇಯುವುದರಲ್ಲಿ ಹೆಸರಾದವರು. ಒಂದು ದಿನ ಬೆಳಗಿನ ಬಸ್ಸಿಗೆ ಹೋದೆ. ಇರಾಣದ ಚೀಲದ ಜೊತೆಗೆ ನನ್ನಲ್ಲಿದ್ದ ಅತಿ ಹಳೆಯ ನವಲಗುಂದದ ಜಮಖಾನವನ್ನೂ ಒಯ್ದೆ. ವಾಡೆಯೊಂದನ್ನು ಕೆಡವುವಾಗ ಸಿಕ್ಕಿದ್ದು ಅದು. ನಡುವೆ ಚೌಕಾಬಾರಾ ಆಟದ ಮನೆಗಳು, ಸುತ್ತ ನವಿಲು.

ಮನೆಯ ಪಡಸಾಲೆಯಲ್ಲಿ ಗೋಡೆಯೆತ್ತರದ ಮಗ್ಗ ನಿಂತಿತ್ತು. ಖಾತೂನಬಿಯವರ ಕಣ್ಣಿಗೆ ಮಂಜು ಕವಿದು ಕೆಲವು ವರ್ಷಗಳಾಗಿದ್ದವು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಸವರುತ್ತ ಹೋದವರು ಒಂದು ಕಡೆ ನಿಲ್ಲಿಸಿದರು.

“ಮಾಸ್ತರ್ರ, ಇದನ್ನ ಇಬ್ಬರು ನೇಯ್ದಾರ.”

“ಹೆಂಗ್ರಿ ಅಮ್ಮಾ?”

“ಇಲ್ಲಿ ತನಾ ಒಬ್ಬಾಕಿ ಕೈ. ಅಗದಿ ಗಟ್ಟಿ. ಇಲ್ಲಿಂದ ಮ್ಯಾಲ ಹೊಸಾ ಕೈ. ಎಳಿ ಕುಂತಿಲ್ಲ ನೋಡ್ರಿ. ಕಲಿಯೂ ಹುಡುಗಿ ಇದ್ದಾಳು. ದೊಡ್ಡಾಕಿ ಬಾಜೂಕ ಕುಂತು ತೋರಿಸ್ಯಾಳ.”

ಭೂತಗನ್ನಡಿ ಹಿಡಿದು ವರ್ಷಗಟ್ಟಲೆ ನೋಡಿದವನು ನಾನು. ನನಗೆ ಅದು ಕಂಡಿರಲಿಲ್ಲ. ಅವರು ಬೆರಳು ಹಿಡಿದು ತೋರಿಸಿದ ಮೇಲೂ ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ಜಮಖಾನ ಬಿಚ್ಚಿದೆ. ಖಾತೂನಬಿ ಅಂಚು ಸವರಿದರು, ಚೌಕದ ಮನೆಗಳನ್ನು ದಾಟಿದರು, ನವಿಲಿನ ಮೇಲೆ ಕೈ ತಂದರು. ಅಲ್ಲೇ ಬಿಟ್ಟರು. ರಜಿಯಾ ಅಡಿಗೆಮನೆಯಿಂದ ಬಂದು, “ಯಾಕ ಅಜ್ಜಿ?” ಎಂದಳು.

“ಇದು ನಮ್ಮ ಅತ್ತಿ ನವಿಲವಾ,” ಎಂದರು. “ಕಾಲು ಹಿಂದಕ್ಕ ತಿರಿಗ್ಯಾವ ನೋಡು. ಬ್ಯಾರೆ ಯಾರೂ ಹಿಂಗ ಹಾಕ್ತಿದ್ದಿಲ್ಲ.”

“ನಿಮ್ಮ ಮನ್ಯಾಗ ಅವರು ನೇಯ್ದಿದ್ದು ಬ್ಯಾರೆ ಯಾವ್ದೂ ಇಲ್ಲೇನ್ರಿ?” ಎಂದು ಕೇಳಿದೆ.

“ನಾವು ನೇಯೂದು ಮಂದೀಗೆ ಕೊಡಾಕ್ರಿ. ಮಗ್ಗದಿಂದ ಇಳೀತು ಅಂದ್ರ ಹೊರಗ ಹೋತು. ನಮಗ ಹಾಸಾಕ ಕೌದಿ ಅದಾವಲ್ಲ.”

ಅವರು ನನ್ನನ್ನು ಏನೂ ಕೇಳಲಿಲ್ಲ. ಚಹಾ ಕುಡಿಸಿದರು. ನಾನು ಜಮಖಾನ ಸುತ್ತಿದೆ, ದಾರ ಕಟ್ಟಿದೆ, ಅಣ್ಣಿಗೇರಿ ಬಸ್ಸು ಹತ್ತಿದೆ. ಇದನ್ನು ಬರೆಯುವಾಗ ಕೈ ಹಿಂದೆಗೆಯುತ್ತದೆ, ಆದರೂ ನಡೆದದ್ದು ಹಾಗೆಯೇ. ದಾರಿಯುದ್ದಕ್ಕೂ ನನ್ನ ಪರವಾಗಿ ನಾನೇ ವಕೀಲಿ ಮಾಡಿದೆ. ಅವರು ಕೇಳಲಿಲ್ಲವಲ್ಲ? ಅಲ್ಲಿ ಇಲಿ ಕಾಟ ಇರಬಹುದು. ನನ್ನ ಕಪಾಟಿನಲ್ಲಿ ಇನ್ನೂ ಐವತ್ತು ವರ್ಷ ಏನೂ ಆಗುವುದಿಲ್ಲ. ಮನೆಗೆ ಬಂದು ಸುಮಿತ್ರಾಳಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ, “ಮತ್ತ ಅದನ್ನ ತಿರುಗಿ ಯಾಕ ತಂದ್ರಿ?” ಎಂದಳು. ಅಷ್ಟೇ. ಉಳಿದ ನಾಲ್ಕು ಮಾತು ಸೇರಿಸಿದ್ದರೆ ನನಗೆ ಹಗುರಾಗುತ್ತಿತ್ತು.

ಎರಡು ತಿಂಗಳು ಕಪಾಟಿನ ಬಾಗಿಲು ತೆಗೆಯಲಿಲ್ಲ. ಆಮೇಲೆ ರಜಿಯಾಳ ಫೋನು ಬಂತು.

“ಸರ್, ಅಜ್ಜಿ ಕಡೆ ನಾನು ನೇಯೂದು ಕಲ್ಯಾಕತ್ತೀನ್ರಿ. ಆ ನವಿಲಿನ ಕಾಲು ಹೆಂಗ ಅಂತ ಅಜ್ಜಿಗೂ ಪೂರಾ ನೆನಪಿಲ್ಲ. ನಾಕ ಸಲ ಹಾಕಿ ಬಿಚ್ಚೀವಿ. ಒಂದೀಟು ನೋಡಾಕ ಸಿಗತೈತೇನ್ರಿ?”

“ಅದಕ್ಕೇನವಾ, ಈಗ ಕಳಸ್ತೀನಿ,” ಎಂದೆ. ಜಮಖಾನವನ್ನು ಬಿಸಿಲಿಗೆ ಹಾಸಿ, ನವಿಲಿನ ಕಾಲು ನಿಚ್ಚಳವಾಗಿ ಕಾಣುವಂತೆ ಆರು ಫೋಟೋ ತೆಗೆದು ಅವಳ ಮೊಬೈಲಿಗೆ ಕಳಿಸಿದೆ. ವಸ್ತುವೂ ಉಳಿಯಿತು, ಉಪಕಾರವೂ ಆಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಮೀಸೆ ಸವರುವಷ್ಟರಲ್ಲಿ ಉತ್ತರ ಬಂತು: “ಚಲೋ ಬಂದಾವ್ರಿ ಸರ್. ಆದ್ರ ಅಜ್ಜಿಗೆ ಕಣ್ಣು ಕಾಣಂಗಿಲ್ಲಲ್ರಿ. ಅವರು ಕೈಲೆ ನೋಡಬೇಕು.”

ಮರುದಿನ ಮೊದಲ ಬಸ್ಸಿಗೆ ಹೊರಟೆ. ಸುಮಿತ್ರಾ ತಾನೂ ಬರುತ್ತೇನೆಂದಳು. ನನ್ನ ಮೇಲೆ ಅವಳಿಗೆ ನಂಬಿಕೆ ಇದ್ದಂತಿರಲಿಲ್ಲ.

ಆ ದಿನ ಮಧ್ಯಾಹ್ನದವರೆಗೆ ನಡೆದದ್ದನ್ನು ನಾನು ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಕಂಡಿರಲಿಲ್ಲ. ಖಾತೂನಬಿ ಜಮಖಾನದ ಹಿಂಬದಿಗೆ ಬೆರಳಿಟ್ಟು ಎಳೆ ಎಣಿಸುತ್ತ, “ಮೂರು ಬಿಡು, ಎರಡು ಹಿಡಿ, ಇಲ್ಲಿ ಒಂದು ಹಿಂದಕ್ಕ ಬಾ,” ಎನ್ನುವರು. ಮಗ್ಗದ ಮುಂದೆ ಕುಳಿತ ರಜಿಯಾ ಹಾಗೆಯೇ ನೂಲು ಹಾಯಿಸಿ, ಪಂಜಾ ಎನ್ನುವ ಕಬ್ಬಿಣದ ಬಾಚಣಿಗೆಯಿಂದ ಬಡಿಯುವಳು. ಅವರು ಎದ್ದು ಬಂದು ಕೈಯಿಂದ ಸವರಿ, “ಬಿಚ್ಚು” ಎನ್ನುವರು. ಇವಳು ಬಿಚ್ಚುವಳು. ನನ್ನ ತರಗತಿಯಲ್ಲಿ ನವಿಲು ಬರೆಯೆಂದರೆ ಕೋಳಿ ಬರೆಯುತ್ತಿದ್ದ ಹುಡುಗಿ ಇವಳು. ಅದಕ್ಕೆ ನಾನು ಹತ್ತಕ್ಕೆ ಮೂರು ಕೊಡುತ್ತಿದ್ದೆ. ಇಲ್ಲಿ ಏಳನೆಯ ಸಲಕ್ಕೆ ನವಿಲು ಕಾಲೂರಿ ನಿಂತಿತು.

ಖಾತೂನಬಿ ಜಮಖಾನ ಮಡಚತೊಡಗಿದರು. “ನಮ್ಮ ಕೆಲಸ ಆತ್ರಿ ಮಾಸ್ತರ್ರ, ತಗೊಂಡು ಹೋಗ್ರಿ.”

“ಇಲ್ರಿ ಅಮ್ಮಾ, ಇದು ಇಲ್ಲೇ ಇರಲಿ,” ಎಂದೆ. ಎಂದ ಮೇಲೆ ಯಾಕಾದರೂ ಅಂದೆನೋ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

“ಅದ್ಹೆಂಗ್ರಿ? ನಮ್ಮ ಅತ್ತಿ ಮಂದೀಗೆ ಕೊಟ್ಟಿದ್ದು. ಕೊಟ್ಟಿದ್ದನ್ನ ನಾ ಇಸ್ಕೊಂಡ್ರ ಅವರ ಕೆಲಸಕ್ಕ ಕಡಿಮಿ ಮಾಡಿದಂಗ.” ಧ್ವನಿ ಮೆತ್ತಗಿತ್ತು, ಮಾತು ಗಟ್ಟಿ. ನಾನು ಎರಡು ಸಲ ಹೇಳಿದೆ, ಅವರು ಎರಡು ಸಲ ಬೇಡವೆಂದರು. ಆಗ ಸುಮಿತ್ರಾ ಬಾಯಿ ಹಾಕಿದಳು.

“ಅಮ್ಮಾರ, ನಮ್ಮ ಮನ್ಯಾಗ ಇದರ ಮ್ಯಾಲ ಇವರು ಯಾರನ್ನೂ ಕುಂಡ್ರಗೊಡಂಗಿಲ್ಲರಿ. ಕೀಲಿ ಹಾಕಿ ಇಡ್ತಾರ.”

ಖಾತೂನಬಿಯವರ ಕೈ ನಿಂತಿತು. “ಕುಂಡ್ರಗೊಡಂಗಿಲ್ಲ?” ಎಂದರು. ನಾನು ನೆಲ ನೋಡಿದೆ. “ಇಷ್ಟ ವರ್ಷ ಒಬ್ಬರೂ ಕುಂತಿಲ್ಲ?”

“ಇಲ್ರಿ,” ಎಂದೆ.

ಅವರು ಎದ್ದರು. ಜಮಖಾನವನ್ನು ಪಡಸಾಲೆಯ ನಡುವೆ ಬೀಸಿ ಹಾಸಿದರು. ಸುಮಿತ್ರಾಳ ಕೈ ಹಿಡಿದು ಕೂಡ್ರಿಸಿದರು. ನನ್ನನ್ನು ಕೂಡ್ರಿಸಿದರು, ಸರಿಯಾಗಿ ಒಂದು ನವಿಲಿನ ಮೇಲೆ. ರಜಿಯಾ ಚಹಾ ತಂದಳು. ನನ್ನ ಬಸಿಯಿಂದ ಎರಡು ಹನಿ ಚೌಕಾಬಾರಾದ ಒಂದು ಮನೆಯಲ್ಲಿ ಬಿದ್ದವು. “ಅಯ್ಯ, ಚಹಾ ಚೆಲ್ಲಿತ್ರಿ,” ಎಂದೆ. ಖಾತೂನಬಿ ಬೆರಳಿನಿಂದ ಹುಡುಕಿ, ಸೆರಗಿನ ತುದಿಯಿಂದ ಒತ್ತಿ ಒರೆಸಿ, “ಇದು ಇಂಥಾದ್ದ ಕಂಡೈತಿ ಬಿಡ್ರಿ,” ಎಂದರು. ಜಮಖಾನ ಅಲ್ಲೇ ಉಳಿಯಿತು. ಬರುವಾಗ ಬಸ್ಸಿನಲ್ಲಿ ಸುಮಿತ್ರಾ ನನ್ನ ಜೊತೆ ಅಗದಿ ಪ್ರೀತಿಯಿಂದ ಮಾತಾಡಿದಳು. ಅರ್ಧ ದಾರಿಯವರೆಗೆ ನಾನು ಸಿಟ್ಟಿನಲ್ಲಿದ್ದೆ, ಯಾರ ಮೇಲೆ ಎಂದು ತಿಳಿಯದೆ.

ಮೊನ್ನೆ ರಜಿಯಾ ಫೋನು ಮಾಡಿದ್ದಳು. ಅವಳ ಮೊದಲ ಜಮಖಾನ ಮಗ್ಗದಿಂದ ಇಳಿಯಿತಂತೆ. ಯಾರೋ ಬಂದು ಒಯ್ದೂ ಆಯಿತಂತೆ. ಯಾರು, ಯಾವ ಊರು, ಫೋನ್ ನಂಬರು ಏನು ಎಂದು ಕೇಳಲು ನನ್ನ ನಾಲಿಗೆ ತುದಿಗೆ ಬಂತು, ಹಳೆಯ ಚಟ. ನುಂಗಿಕೊಂಡು, “ಕಾಲು ಸರಿ ಬಂದಿದ್ವೇನವಾ?” ಎಂದೆ.

“ಮೂರು ನವಿಲಿಗೆ ಸರಿ ಬಂದ್ವು ಸರ್. ನಾಕನೇದಕ್ಕ ಎರಡು ಎಳಿ ಹೆಚ್ಚಾಗಿತ್ತು. ಬಿಚ್ಚಾಕ ಹೋದ್ರ ಅಜ್ಜಿ ಬ್ಯಾಡ ಅಂದ್ರು.”

“ಯಾಕಂತ?”

“ಇರಲಿ ಬಿಡು, ಮುಂದ ಯಾರರೆ ಕೈಲೆ ನೋಡಿದ್ರ, ಇಲ್ಲಿ ಒಬ್ಬಾಕಿ ಕಲ್ಯಾಕತ್ತಿದ್ಲು ಅಂತ ತಿಳೀಲಿ ಅಂದ್ರು ಸರ್.”

ಫೋನು ಇಟ್ಟೆ. ಆಮೇಲೆ ಹತ್ತಕ್ಕೆ ಎಂಟು ಕೊಡಬಹುದು ಎಂದುಕೊಂಡೆ. ಇಲ್ಲ, ಒಂಬತ್ತು.