ಸಾವಂತ್ರೆವ್ವನ ಬಾಯಲ್ಲಿ ನಿಂತ ಹೆಸರು

ಸಾವಂತ್ರೆವ್ವ ಉಪ್ಪಿನಬೆಟಗೇರಿಯಿಂದ ಹುಬ್ಬಳ್ಳಿಗೆ ಸೊಸೆಯಾಗಿ ಬಂದಾಗ ಒಂದು ಮಾತನ್ನು ಹೊಸ್ತಿಲ ಹೊರಗೇ ಬಿಟ್ಟು ಒಳಗೆ ಕಾಲಿಟ್ಟಳು. ಅತ್ತೆಯ ಹೆಸರು ಗುಡ್ಡವ್ವ. ಅತ್ತೆಯ ಹೆಸರನ್ನು ಸೊಸೆಯಾದವಳು ಆಡಬಾರದು, ಆಡಿದರೆ ಅತ್ತೆಯ ಆಯುಷ್ಯ ಸವೆಯುತ್ತದೆ ಎಂದು ಹಡೆದವ್ವ ಹೇಳಿ ಕಳಿಸಿದ್ದಳು. ಹೆಸರಷ್ಟೇ ಅಲ್ಲ, ಗುಡ್ಡ ಎನ್ನುವ ಮಾತೂ ಬಾಯಿಗೆ ಬರಬಾರದು. ಹೀಗಾಗಿ ಉಣಕಲ್ಲಿನ ಗುಡ್ಡ ಅವಳ ಬಾಯಲ್ಲಿ ‘ಉಣಕಲ್ಲಿನ ಎತ್ತರ’ ಆಯಿತು. ದುರ್ಗದಬೈಲಿನಲ್ಲಿದ್ದ ಮಾವನ ಕಾಳಿನ ಅಂಗಡಿಯ ಹಮಾಲರು ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. ಆದರೆ ನೆರೆಮನೆಯವರ ಮುಂದೆ ಆ ಮಾತನ್ನು ಎರಡೆರಡು ಸಲ ಹೇಳಿಕೊಂಡಳು.

ಮೂವತ್ತೆಂಟನೆಯ ಇಸವಿಯಲ್ಲಿ ಆ ಮನೆಯ ಮುಂದಿನ ಕೋಣೆಗೆ ಮೃಣಾಲಿನಿಬಾಯಿ ಎಂಬ ಸಾಲಿ ಅಕ್ಕಾವರು ಬಾಡಿಗೆಗೆ ಬಂದರು. ಪುಣೆಯಲ್ಲಿ ಕಲಿತು ಇಲ್ಲಿಯ ಶಾಲೆಯಲ್ಲಿ ಕಲಿಸುವವರು. ಓಣಿಯ ಹರೆಯದ ಹುಡುಗಿಯರನ್ನು ಐತವಾರ ಮುಂಜಾನೆ ಕೂಡಿಸಿ ಮೊದಲು ಹೊಲಿಗೆ ಹೇಳಿಕೊಡುವರು, ಆಮೇಲೆ ಊರ ಹೊರಗಿನ ತೋಟಕ್ಕೆ ಕರೆದೊಯ್ದು ಆಟ ಆಡಿಸುವರು. ಹದಿನೈದರ ಸಾವಂತ್ರೆವ್ವನನ್ನೂ ಕಳಿಸಿರೆಂದು ಅತ್ತೆಯನ್ನು ಕೇಳಿದರು.

“ಬರೇ ಆಟಲ್ಲರಿ ಅವ್ವಾರ. ಒಬ್ಬಾಕಿ ಮುಂದ ನಿಂತು ಹೇಳಬೇಕು, ಉಳಿದವರು ಕೇಳಬೇಕು. ಮುಂದಿನ ವಾರ ಕೇಳಿದಾಕಿ ಹೇಳಾಕಿ ಆಗಬೇಕು. ಕೂಡಿ ಕೆಲಸ ಮಾಡೂದು ಹಿಂಗ ಬರ್ತದ.”

“ಕೇಳೂದು ನಮ್ಮ ಮನ್ಯಾಗ ಕಲತಾಳ್ರಿ,” ಎಂದಳು ಅತ್ತೆ. “ಹೇಳೂದಷ್ಟು ನೀವು ಕಲಸ್ರಿ.”

ಆ ಗುಂಪಿನಲ್ಲಿ ಬಡಿಗೇರರ ಮಗಳೊಬ್ಬಳಿದ್ದಳು. ಅವಳ ಹೆಸರೂ ಗುಡ್ಡವ್ವ. ಸಾವಂತ್ರೆವ್ವ ಅವಳನ್ನು ‘ಏ ಇಕೀ’ ಎಂದೇ ಕರೆಯುವಳು. ಕಾರಣ ತಿಳಿದಂದಿನಿಂದ ಬಡಿಗೇರರ ಹುಡುಗಿಗೆ ಹಬ್ಬವೇ ಆಯಿತು.

“ಏ ಸೊಸಿ, ಅತ್ತಿ ಬಂದಾಳ. ಕಾಲಿಗೆ ನೀರು ಕೊಡು!”

“ಕೊಡತೇನಿ ಬಾ, ಕುದಿಯೂ ನೀರು.”

“ಎದುರುತ್ತರಾ ಕೊಡತೀ? ನಿಲ್ಲು, ನಿಮ್ಮವ್ವಗ ಹೇಳಿ ಕಳಸತೇನಿ!”

ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಗುಂಪಿನಲ್ಲಿ ಅವರಷ್ಟು ಗೆಳೆತನ ಯಾರದೂ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಐತವಾರ ಮುಂದಾಳಾಗುವ ಪಾಳಿ ಸಾವಂತ್ರೆವ್ವನದಾಗಿತ್ತು. ಕಣ್ಣು ಕಟ್ಟಿಕೊಂಡು ನಡೆಯುವ ಆಟ. ತನ್ನ ಗುಂಪಿನವರನ್ನು ಮುಂದಾಳು ದೂರದಿಂದಲೇ ಕೂಗಿ ಗುರಿ ಮುಟ್ಟಿಸಬೇಕು. ಎದುರು ಗುಂಪಿನವರು ಗದ್ದಲ ಹಾಕಿ ದಾರಿ ತಪ್ಪಿಸಬಹುದು, ಆದರೆ ಯಾರ ಹೆಸರನ್ನೂ ಹಿಡಿಯುವಂತಿಲ್ಲ.

“ಹೆಸರು ಹಿಡಿದು ಕರದ್ರಷ್ಟ ಕೇಳ್ರಿ,” ಎಂದರು ಅಕ್ಕಾವರು. “ಬ್ಯಾರೆ ಯಾರು ಏನ ಒದರಿದ್ರೂ ಕಿವಿಗೆ ಹಾಕ್ಕೋಬ್ಯಾಡ್ರಿ.”

ಬಡಿಗೇರರ ಗೆಳತಿ ಸಾವಂತ್ರೆವ್ವನ ಗುಂಪಿನಲ್ಲೇ ಇದ್ದಳು. ಆ ಹೆಸರನ್ನು ತಾನು ಆಡುವಂತಿಲ್ಲವೆಂದು ಸಾವಂತ್ರೆವ್ವ ಹೇಳಬೇಕೆಂದುಕೊಂಡಳು, ನಾಚಿಕೆಯಾಯಿತು. ಅಕ್ಕಾವರು ಮನೆಯೊಡತಿಯನ್ನು ‘ಅವ್ವಾರ’ ಎಂದೇ ಕರೆಯುತ್ತಿದ್ದರು, ಅವರಿಗೆ ಅತ್ತೆಯ ಹೆಸರೇ ಗೊತ್ತಿರಲಿಲ್ಲ. ಗೆಳತಿಯನ್ನು ನೆಟ್ಟಗಿನ ದಾರಿಯಲ್ಲಿ ನಿಲ್ಲಿಸಿದರಾಯಿತು, ಕರೆಯುವ ಪ್ರಸಂಗವೇ ಬರುವುದಿಲ್ಲ ಎಂದು ಲೆಕ್ಕ ಹಾಕಿ, ಸಾವಂತ್ರೆವ್ವ ಅವಳನ್ನು ಅಂಚಿಗೆ ನಿಲ್ಲಿಸಿದಳು.

ತೋಟದ ಮೂಲೆಯಲ್ಲಿ ಕಟ್ಟೆ ಇಲ್ಲದ ಹಳೆಯ ಬಾವಿಯಿತ್ತು. ಅದರ ಮುಂದೆ ಅಕ್ಕಾವರು ಪ್ರತಿ ವಾರ ಅಡ್ಡಲಾಗಿ ಹಗ್ಗ ಕಟ್ಟಿಸುತ್ತಿದ್ದರು. ಆ ದಿನ ಹಗ್ಗ ಜಗ್ಗುವ ಆಟಕ್ಕೆಂದು ಅದೇ ಹಗ್ಗವನ್ನು ಬಿಚ್ಚಿದ್ದರು. ತಿರುಗಿ ಕಟ್ಟುವುದು ಒಬ್ಬರ ನೆನಪಿಗೂ ಬರಲಿಲ್ಲ.

“ಬಾಳವ್ವಾ, ಎಡಕ್ಕ! ಚನ್ನಬಸವ್ವಾ, ನಿಲ್ಲು! ಈಗ ನಡಿ!”

ಸಾವಂತ್ರೆವ್ವನ ಧ್ವನಿ ಖಣಿ ಖಣಿ ಕೇಳುತ್ತಿತ್ತು. ಅಕ್ಕಾವರು ಬಾಳವ್ವನ ಜಾರಿದ ಕಣ್ಣುಪಟ್ಟಿ ಬಿಗಿಯುತ್ತಿದ್ದರು. ಸಾವಂತ್ರೆವ್ವ ಅಂಚಿನ ಕಡೆ ಹೊರಳಿ ನೋಡಿದಾಗ ಗೆಳತಿ ನೆಟ್ಟಗೆ ನಡೆದಿರಲಿಲ್ಲ. ಓರೆಯಾಗಿ ಬಾವಿಯ ಕಡೆಗೆ ನಡೆದಿದ್ದಳು. ಹಗ್ಗ ಇಲ್ಲದ್ದು ಆಗ ಕಣ್ಣಿಗೆ ಬಿತ್ತು.

“ಏ ಇಕೀ! ನಿಲ್ಲ! ಏ ಇಕೀ!”

ಎದುರು ಗುಂಪಿಗೆ ಇದೊಂದು ಮೋಜಾಯಿತು. “ಏ ಇಕೀ, ನಿಲ್ಲ! ಏ ಇಕೀ, ಕುಂದರ!” ಎಂದು ಎಲ್ಲರೂ ಅದನ್ನೇ ಕೂಗತೊಡಗಿದರು.

“ನಮ್ಮ ಸೊಸಿ ಧ್ವನಿ ತಗದು ಒದರಾಕತ್ತೀರೇನು?” ಗೆಳತಿ ನಗುತ್ತಲೇ ಕಾಲು ಎತ್ತಿಟ್ಟಳು. “ನಾ ಮೋಸ ಹೋಗಾಕಿ ಅಲ್ಲ!”

ಸಾವಂತ್ರೆವ್ವ ಓಡಿದಳು. ಬಾಯಿ ತೆರೆದೇ ಇತ್ತು. ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ಕಚ್ಚಿಕೊಂಡು ನಿಂತಿತು.

ಮರುಗಳಿಗೆ ಬಾವಿಯ ದಂಡೆ ಬರಿದಾಗಿತ್ತು.

“ಗುಡ್ಡವ್ವಾ!”

ಕೇಳಬೇಕಾದವಳು ಇಲ್ಲವಾದ ಮೇಲೆ ಹೆಸರು ಬಾಯಿಂದ ಹೊರಬಿತ್ತು. ಗದ್ದಲವೆಲ್ಲ ಒಮ್ಮೆಲೇ ನಿಂತಿತು. ಕಣ್ಣು ಕಟ್ಟಿಕೊಂಡವರು ಏನಾಯಿತೆಂದು ತಿಳಿಯದೆ ಅಲ್ಲಲ್ಲೇ ಕೈ ಚಾಚಿ ನಿಂತುಬಿಟ್ಟರು. ಸಾವಂತ್ರೆವ್ವ ದಂಡೆಯ ಮೇಲೆ ಬೋರಲು ಬಿದ್ದು, “ಗುಡ್ಡವ್ವಾ, ಗುಡ್ಡವ್ವಾ” ಎಂದು ಕತ್ತಲೊಳಗೆ ಕೂಗಿದಳು. ಇಷ್ಟು ವರ್ಷ ಆಡದ ಹೆಸರು ಈಗ ನಿಲ್ಲಲೊಲ್ಲದು.

ತೋಟ ಕಾಯುವ ನೀಲಪ್ಪ ಓಡಿಬಂದ. ನಡುವಿಗೆ ಅದೇ ಹಗ್ಗ ಕಟ್ಟಿಕೊಂಡು ಇಳಿದ. ಎರಡೂ ಗುಂಪಿನವರು ಒಂದೇ ಕಡೆ ನಿಂತು ಹಗ್ಗ ಹಿಡಿದರು. ನೀರು ಮೊಣಕಾಲುಮಟ್ಟ ಇತ್ತು, ಕೆಳಗೆಲ್ಲ ರಾಡಿ. ಅದರಿಂದ ಜೀವ ಉಳಿಯಿತು. ಮೇಲೆ ಬಂದಾಗ ಹುಡುಗಿಯ ಎಡಗೈ ಜೋತಾಡುತ್ತಿತ್ತು, ಪಟ್ಟಿ ಇನ್ನೂ ಒಂದು ಕಣ್ಣಿನ ಮೇಲಿತ್ತು. ಇನ್ನೊಂದು ಕಣ್ಣಿನಿಂದ ಅವಳು ಸಾವಂತ್ರೆವ್ವನನ್ನು ನೋಡಿದಳು. ಸೊಸಿ ಎನ್ನಲಿಲ್ಲ.

ಸುದ್ದಿ ಸಾವಂತ್ರೆವ್ವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಅತ್ತೆ ಹೊಸ್ತಿಲಲ್ಲಿ ನಿಂತಿದ್ದಳು.

“ನನ್ನ ಹೆಸರು ಆಡಬ್ಯಾಡ ಅಂತ ನಾ ಯಾವತ್ತರೆ ಹೇಳೀನೇನ?”

“ಇಲ್ರಿ ಅತ್ತಿ.”

“ಹೇಳಿಲ್ಲ. ಆದ್ರ ನೀ ಆಡದಾಗ ಹಿಗ್ಗೀನಿ. ಅದೂ ಹೇಳಿದ್ಹಂಗನ.” ಅತ್ತೆಯ ಕೈ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. “ಈಗ ಅನ್ನು.”

“ಏನ್ರಿ?”

“ನನ್ನ ಹೆಸರು. ಓಣಿಗೆಲ್ಲಾ ಕೇಳೂಹಂಗ ಅನ್ನು.”

ಓಣಿಯ ಬಾಗಿಲುಗಳಲ್ಲಿ ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಿಂತರು. ಕಡೆಗೆ ಸಾವಂತ್ರೆವ್ವ ಅಂದಳು. ಅತ್ತೆ, ಕಪಾಳಕ್ಕೆ ಹೊಡೆಸಿಕೊಂಡವಳಂತೆ ಕಣ್ಣು ಮುಚ್ಚಿದಳು. ತುಸು ಹೊತ್ತಿನ ಮೇಲೆ ತೆರೆದಳು.

“ನಿಂತೇನಿ ನೋಡು, ಸತ್ತಿಲ್ಲ. ಒಳಗ ಹಾಲೈತಿ, ತಗೋ. ಬಡಿಗೇರ ಮನಿಗೆ ನಡಿ.”

ಬಡಿಗೇರರ ಪಡಸಾಲೆಯಲ್ಲಿ ಎಲುಬು ಕೂಡಿಸುವವನು ಬಿದಿರಿನ ದಬ್ಬೆ ಕಟ್ಟಿ ಈಗಷ್ಟೇ ಎದ್ದಿದ್ದ. ಮನೆಯವರು ಯಾರೂ ಬಾ ಎನ್ನಲಿಲ್ಲ. ಅತ್ತೆ ಹಿಂದಿನಿಂದ ಸೊಸೆಯ ಬೆನ್ನಿಗೆ ತಿವಿದಳು. “ಕರಿ.”

“ಗುಡ್ಡವ್ವಾ.”

ಕೌದಿ ಅಲುಗಿತು. ಒಳಗಿಂದ ಸಣ್ಣ ಧ್ವನಿ ಬಂತು. “ಈಗ ಕರದೇನು, ಸೊಸಿ?”

ಸಾವಂತ್ರೆವ್ವ ಹಾಲಿನ ಚರಿಗೆಯನ್ನು ಕೌದಿಯ ಪಕ್ಕಕ್ಕಿಟ್ಟು ಅಲ್ಲೇ ಕೂತಳು.

ಗುಡ್ಡವ್ವನ ಕೈ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಅಕ್ಕಾವರಿಗೆ ಬೇರೆ ಊರಿಗೆ ವರ್ಗವಾದ ಮೇಲೆ ಗುಂಪನ್ನು ಸಾವಂತ್ರೆವ್ವನೇ ನಡೆಸಿದಳು, ತಲೆ ನೆರೆಯುವವರೆಗೂ ನಡೆಸಿದಳು. ಕಣ್ಣಿಗೆ ಪಟ್ಟಿ ಕಟ್ಟುವ ಮೊದಲು ಎಲ್ಲರನ್ನೂ ದುಂಡಗೆ ನಿಲ್ಲಿಸಿ, ಪ್ರತಿಯೊಬ್ಬಳ ಬಾಯಿಂದಲೂ ಉಳಿದೆಲ್ಲರ ಹೆಸರನ್ನು ಗಟ್ಟಿಯಾಗಿ ಕರೆಸುವಳು. ಹೊಸದಾಗಿ ಮದುವೆಯಾದ ಯಾವಳಾದರೂ ತಡವರಿಸಿದರೆ ಪಟ್ಟಿಗಳು ಚೀಲದಲ್ಲೇ ಉಳಿಯುತ್ತಿದ್ದವು. ಅತ್ತ ಬಾವಿಯ ಹತ್ತಿರ ಗುಡ್ಡವ್ವ ತನ್ನ ಸೊಟ್ಟ ಕೈಯಿಂದ ಹಗ್ಗದ ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡುತ್ತಿದ್ದಳು.