ಮೈದಾನಕ್ಕೆ ಕಾಲಿಟ್ಟ ಆಫೀಸಿನವ

ಮುಖ್ಯವಾದ ವಿಷಯವನ್ನು ಫೋನಿನಲ್ಲಿ ಹೇಳಬಾರದು, ಎದುರು ನಿಂತು ಹೇಳಬೇಕು ಎನ್ನುವುದು ನನ್ನ ನಿಯಮ. ದೋಹಾದ ಒಂದು ಫುಟ್‌ಬಾಲ್ ಕ್ಲಬ್ಬಿನ ಆಫೀಸಿನಲ್ಲಿ ನನ್ನ ಕೆಲಸ. ಹಿಂದಿನ ಇಬ್ಬರು ಕೋಚ್‌ಗಳಿಗೆ ಕೆಲಸ ಹೋದ ಸುದ್ದಿಯನ್ನೂ ಹಾಗೆಯೇ ಮುಟ್ಟಿಸಿದ್ದೆ.

ಈಗಿನ ಕೋಚ್ ಬ್ರೆಜಿಲ್‌ನವರು. ಒಂದು ಕಾಲದಲ್ಲಿ ಇದೇ ಕ್ಲಬ್ಬಿಗೆ ಆಡಿ, ಜನರ ಹೆಗಲೇರಿ ಮೆರೆದವರು. ಈ ಸಲ ಮಾತ್ರ ತಂಡ ಸೋಲುತ್ತಲೇ ಇತ್ತು. ಇವರಿನ್ನು ಎಷ್ಟು ದಿನ ಎಂಬ ಮಾತು ಕ್ಯಾಂಟೀನಿನಲ್ಲೂ ನಡೆದಿತ್ತು.

ಅಂದು ಸಂಜೆ ಅಭ್ಯಾಸದ ವೇಳೆಗೆ ಮೈದಾನಕ್ಕೆ ಹೋದೆ. ನನ್ನನ್ನು ಕಂಡದ್ದೇ ಕೋಚ್ ಆಟ ನಿಲ್ಲಿಸಿದರು. ಆಟಗಾರರನ್ನು ಹತ್ತಿರ ಕರೆದು ಒಬ್ಬೊಬ್ಬರನ್ನೇ ತಬ್ಬಿಕೊಳ್ಳತೊಡಗಿದರು. ಗೋಲ್‌ಕೀಪರ್ ಕಣ್ಣೊರೆಸಿಕೊಂಡ. ನನಗೆ ತಲೆಬುಡ ತಿಳಿಯಲಿಲ್ಲ.

ಜೆರ್ಸಿ, ಚೆಂಡು ನೋಡಿಕೊಳ್ಳುವ ಮಂಗಳೂರಿನ ಹಮೀದ್ ಪಕ್ಕದಲ್ಲಿದ್ದ. "ಏನಯ್ಯಾ ಇದು?" ಎಂದೆ.

"ನೀವು ಗ್ರೌಂಡಿಗೆ ಬಂದ್ರೆ ಕೋಚ್ ಖಲಾಸ್ ಅಂತಲೇ ಅಲ್ವಾ ಸರ್? ಬೇರೆ ಯಾವುದಕ್ಕೆ ಬಂದಿದ್ದೀರಿ ಇದುವರೆಗೆ?"

ಅಷ್ಟರಲ್ಲಿ ಕೋಚ್ ಎದುರಿಗೆ ಬಂದು ನಿಂತರು. "ಹೇಳಿ, ವಿಮಾನ ಯಾವಾಗ?"

"ವಿಮಾನವಲ್ಲ. ನಿಮ್ಮ ಮಗಳಿಗೆ ಶಾಲೆಯಲ್ಲಿ ಸೀಟು ಸಿಕ್ಕಿದೆ. ಅದನ್ನು ಹೇಳೋಣ ಅಂತ ಬಂದೆ."

ಅವರು ಆಟಗಾರರತ್ತ ತಿರುಗಿ, ಆಟ ಮುಂದುವರಿಸಿ ಎಂದು ಕೈ ಬೀಸಿದರು. ಆಮೇಲೆ ನನ್ನ ಕಡೆಗೆ, "ಇಂಥದ್ದನ್ನು ದಯವಿಟ್ಟು ವಾಟ್ಸಾಪ್ ಮಾಡಿ," ಎಂದರು.

ಮಾಡುತ್ತಿದ್ದೇನೆ. ಆದರೆ ನಿನ್ನೆಯ ಪಂದ್ಯವನ್ನೂ ಸೋತರು. ಬೆಳಿಗ್ಗೆಯಿಂದ ಆಫೀಸಿನ ಮ್ಯಾನೇಜರ್ ನಾನೆಲ್ಲಿ ಎಂದು ಕೇಳುತ್ತಿದ್ದಾರಂತೆ. ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಸಲ, ಹೊಟ್ಟೆನೋವೆಂದು ರಜೆ ಹಾಕಿ ಬಿನ್ ಮಹಮೂದ್ ಬಡಾವಣೆಯ ನನ್ನ ಮನೆಯಲ್ಲಿ ಕೂತಿದ್ದೇನೆ.