ಒಗ್ಗಟ್ಟಿನ ಮನೆಯ ಐದು ಡಬ್ಬಿಗಳು

ಇಸವಿ ಎರಡು ಸಾವಿರ. ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ನಾನು ಹಿರಿಯ ತಂತ್ರಜ್ಞನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಜನರ ಮಲ ನೋಡುವುದು. ರಕ್ತ, ಕಫ ಎಲ್ಲ ಬರುತ್ತಿದ್ದವು, ಆದರೆ ಪರೋಪಜೀವಿ ವಿಭಾಗ ನನ್ನ ಪಾಲಿಗೆ ಬಿದ್ದಿದ್ದರಿಂದ ಮೈಕ್ರೋಸ್ಕೋಪಿನ ಕೆಳಗೆ ನಾನು ಹೆಚ್ಚಾಗಿ ಕಂಡದ್ದು ಅದನ್ನೇ. ಬೀಗರ ಮನೆಯ ಪಂಕ್ತಿಯಲ್ಲಿ ಯಾರಾದರೂ "ನಿಮ್ಮ ಡ್ಯೂಟಿ ಏನ್ರಿ?" ಎಂದು ಕೇಳಿದರೆ ನನ್ನ ಹೆಂಡತಿ ತಟ್ಟನೆ ಸಾರು ಬಡಿಸಲು ಏಳುತ್ತಿದ್ದಳು. ನನಗೆ ನಾಚಿಕೆ ಇರಲಿಲ್ಲ. ನಿಜ ಹೇಳಬೇಕೆಂದರೆ ಸೊಕ್ಕಿತ್ತು. ಮೊಟ್ಟೆ ಕಂಡರೆ ಹುಳುವಿನ ಜಾತಿ ಹೇಳುತ್ತಿದ್ದೆ, ನನ್ನ ಸಹಿಯಾದ ರಿಪೋರ್ಟನ್ನು ಯಾವ ವೈದ್ಯರೂ ತಿರುಗಿ ಕೇಳುತ್ತಿರಲಿಲ್ಲ. ಆ ಸೊಕ್ಕು ಇಳಿದ ಕಥೆ ಇದು.

ಆ ಮಳೆಗಾಲದಲ್ಲಿ ಖಾನಾಪುರ ತಾಲೂಕಿನ ಕಾಡಂಚಿನ ಕೆಲವು ಊರುಗಳಲ್ಲಿ ಹೊಟ್ಟೆಹುಳುವಿನ ಸಮೀಕ್ಷೆ ನಡೆಯಿತು. ಯಾವ ಊರಲ್ಲಿ ಯಾವ ಹುಳು ಎಷ್ಟಿದೆ ಎಂದು ತಿಳಿಯುವುದು ಉದ್ದೇಶ. ನಮಗೆ ಮುಖ್ಯವಾಗಿ ಬೇಕಾಗಿದ್ದದ್ದು ಕೊಕ್ಕೆಹುಳು. ಇದು ಬಾಯಿಂದ ಬರುವುದಿಲ್ಲ. ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ನಿಂತವರ ಅಂಗಾಲಿನಿಂದ ಮೈಯೊಳಗೆ ಹೊಗುತ್ತದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಭತ್ತದ ನಾಟಿ ಮಾಡುವ, ಬಯಲಿಗೆ ಹೋಗುವ ಹೆಂಗಸರಿಗೆ ಇದು ತಪ್ಪಿದ್ದಲ್ಲ. ಅವರು ಬಸುರಿಯಾದರೆ ಇರುವ ಅಷ್ಟಿಷ್ಟು ರಕ್ತವನ್ನು ಹುಳುವೂ ಕೂಸೂ ಹಂಚಿಕೊಳ್ಳಬೇಕು.

ಆರೋಗ್ಯ ಕಾರ್ಯಕರ್ತ ಮಾರುತಿ ಮನೆಮನೆಗೆ ಖಾಲಿ ಡಬ್ಬಿ ಕೊಟ್ಟು, ಮರುದಿನ ಬೆಳಿಗ್ಗೆ ತುಂಬಿದ ಡಬ್ಬಿ ಒಟ್ಟುಮಾಡಿ, ಕೆಡದಂತೆ ಫಾರ್ಮಲಿನ್ ದ್ರಾವಣ ಹಾಕಿ ಬಸ್ಸಿನಲ್ಲಿ ಬೆಳಗಾವಿಗೆ ತರುತ್ತಿದ್ದ. ಒಳ್ಳೆಯ ಮನುಷ್ಯ. ಆದರೆ ಗಂಡಸು. ಕಟ್ಟೆಯ ಮೇಲೆ ಚೀಲ ಇಟ್ಟು ನಿಂತು, ಒಬ್ಬೊಬ್ಬರ ಹೆಸರು ಕೂಗಿ ಡಬ್ಬಿ ಇಸಿದುಕೊಳ್ಳುತ್ತಿದ್ದ. ಊರ ಹೆಂಗಸರಿಗೆ ಅದು ಹೇಗಿರುತ್ತದೆ ಎಂದು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ.

ಜುಲೈನ ಒಂದು ದಿನ ಅರವತ್ತು ಡಬ್ಬಿ ಬಂದವು. ಅವುಗಳಲ್ಲಿ ಐದು ಒಂದೇ ಮನೆಯವು. ಅತ್ತೆ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಕಿರಿಯ ಸೊಸೆಯ ಹೆಸರು ಸುರೇಖಾ, ಮುಂದೆ "ಗರ್ಭಿಣಿ, ಐದು ತಿಂಗಳು" ಎಂದು ಬರೆದಿತ್ತು. ಐದರಲ್ಲೂ ಯಾವ ಹುಳುವಿನ ಮೊಟ್ಟೆಯೂ ಕಾಣಲಿಲ್ಲ. ಕಂಡದ್ದು ಒಂದು ಬಗೆಯ ನಿರುಪದ್ರವಿ ಅಮೀಬಾದ ಕೋಶ. ಅದು ಕರುಳಿನಲ್ಲಿ ಸುಮ್ಮನೆ ಬಾಡಿಗೆಗಿರುತ್ತದೆ, ಔಷಧ ಬೇಡ. ಅದೇ ಕೋಶ, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ, ಐದರಲ್ಲೂ. ಜೊತೆಗೆ ಬರಿಗಣ್ಣಿಗೇ ಕಾಣುವಂತೆ ಪೇರಲ ಬೀಜಗಳು, ಅವೂ ಐದರಲ್ಲೂ.

ಪಕ್ಕದ ಮೇಜಿನಲ್ಲಿದ್ದ ನಸೀಮಾ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಬೆಳಗಾವಿಯ ಕ್ಯಾಂಪ್ ಬಡಾವಣೆಯ ಹುಡುಗಿ, ಕಣ್ಣು ಚುರುಕು.

"ಸರ್, ಈ ಐದೂ ಒಬ್ಬರದಽ ಇದ್ದಂಗ ಅದಾವಲ್ರಿ? ವಾಪಸ್ ಕಳಸೂಣೇನ್ರಿ?"

ನನಗೂ ಅದು ಆಗಲೇ ಹೊಳೆದಿತ್ತು. ಆದರೆ ವಾಪಸ್ ಕಳಿಸಿದರೆ ಮಾರುತಿ ಮತ್ತೆ ಹೋಗಬೇಕು, ಪಟ್ಟಿ ತಡವಾಗುತ್ತದೆ, ಮೇಲಿನವರ ಫೋನು ಬರುತ್ತದೆ. ನಾನು ನಕ್ಕೆ.

"ಭಾಳ ಒಗ್ಗಟ್ಟಿನ ಮನಿ ಬಿಡವಾ. ಎಲ್ಲಾರೂ ಒಂದ ತಾಟನ್ಯಾಗ ಉಣ್ತಾರ. ನೆಗೆಟಿವ್ ಅಂತ ಬರಿ."

ಇಡೀ ಪ್ರಯೋಗಾಲಯ ನಕ್ಕಿತು. ನಸೀಮಾ ನಗಲಿಲ್ಲ, ಬರೆದಳು. ಕೆಳಗೆ ನಾನು ಸಹಿ ಹಾಕಿದೆ.

ಅಕ್ಟೋಬರ್ ಮೊದಲ ವಾರ ಹೆರಿಗೆ ವಾರ್ಡಿನಿಂದ ತುರ್ತು ರಕ್ತದ ಮಾದರಿಯೊಂದು ಬಂತು. ಹಿಮೋಗ್ಲೋಬಿನ್ ನೋಡಿದಾಗ ನನ್ನ ಕೈ ತಪ್ಪಿರಬೇಕು ಎನ್ನಿಸಿತು. ಮತ್ತೊಮ್ಮೆ ಮಾಡಿದೆ. ಮೂರು ಗ್ರಾಂ ಚಿಲ್ಲರೆ. ಹನ್ನೊಂದಾದರೂ ಇರಬೇಕಾದ ಕಡೆ ಮೂರು. ಫೋನಿನಲ್ಲಿ ಹೇಳಿದರೆ ನಂಬಲಿಕ್ಕಿಲ್ಲವೆಂದು ರಿಪೋರ್ಟ್ ಹಿಡಿದು ನಾನೇ ವಾರ್ಡಿಗೆ ಹೋದೆ.

ಆಕೆ ಮಲಗಿರಲಿಲ್ಲ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಎರಡು ದಿಂಬಿಗೆ ಒರಗಿ ಕೂತಿದ್ದಳು. ಇಪ್ಪತ್ತೆರಡರ ಹುಡುಗಿ. ತುಟಿ, ಉಗುರು, ಕಣ್ಣಿನ ಒಳಗು ಎಲ್ಲ ಸುಣ್ಣದ ಬಣ್ಣ. ಕಾಲು ಊದಿದ್ದವು. ಪಕ್ಕದಲ್ಲಿ ಅತ್ತೆ ಸೆರಗಿನಿಂದ ಗಾಳಿ ಬೀಸುತ್ತಿದ್ದರು. ಡ್ಯೂಟಿ ಡಾಕ್ಟರಮ್ಮ ಊರಿನಿಂದ ಬಂದ ಕಾಗದಗಳನ್ನು ತಿರುವುತ್ತ ನನಗೊಂದು ಚೀಟಿ ತೋರಿಸಿದರು.

"ಹುಳದ ಟೆಸ್ಟ್ ಆಗೇತಂತ್ರಿ, ನೆಗೆಟಿವ್ ಐತಿ. ಅದಕ್ಕ ಬರೇ ಕಬ್ಬಿಣದ ಗುಳಿಗಿ ಕೊಟ್ಟಾರ. ಹಂಗಾರ ರಕ್ತ ಎಲ್ಲಿ ಹೊಂಟೈತಿ?"

ಚೀಟಿಯ ಕೆಳಗೆ ನನ್ನ ಸಹಿ ಇತ್ತು. ಹೆಸರು ಸುರೇಖಾ. ನನಗೆ ಆ ಕ್ಷಣದಲ್ಲೇ ಪೇರಲ ಬೀಜ ನೆನಪಾಯಿತು.

ಮಲದ ಹೊಸ ಮಾದರಿ ಕೇಳಿದೆ. ಗಾಜಿನ ಮೇಲೆ ಹಾಕಿ ನೋಡಿದರೆ ಹುಡುಕುವ ಕೆಲಸವೇ ಇರಲಿಲ್ಲ. ತೆಳು ಸಿಪ್ಪೆಯ, ಅಂಡಾಕಾರದ ಕೊಕ್ಕೆಹುಳುವಿನ ಮೊಟ್ಟೆಗಳು ಎಲ್ಲಿ ಕಣ್ಣಿಟ್ಟರೂ ಇದ್ದವು. ಇಷ್ಟು ಹುಳು ಜುಲೈನಿಂದೀಚೆಗೆ ಸೇರಿದ್ದಲ್ಲ, ವರ್ಷಗಳಿಂದ ಇದ್ದದ್ದು. ನಸೀಮಾ ಹಳೆಯ ರಿಜಿಸ್ಟರ್ ತೆಗೆದು ಆ ಐದು ಸಾಲು ನನ್ನ ಮುಂದೆ ತೆರೆದಿಟ್ಟಳು.

ರಕ್ತ ಕೊಟ್ಟರು. ಸೋತ ಹೃದಯಕ್ಕೆ ರಕ್ತವನ್ನೂ ಅವಸರದಲ್ಲಿ ಕೊಡುವಂತಿಲ್ಲ, ಹನಿಹನಿಯಾಗಿ ಕೊಡಬೇಕು. ಎರಡನೆಯ ದಿನ ಕೂಸು ಹೊಟ್ಟೆಯಲ್ಲೇ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಸುರೇಖಾ ಹೋದಳು. ನಾನು ಡಾಕ್ಟರಮ್ಮನಿಗೆ "ಆ ರಿಪೋರ್ಟ್ ನಂದಽರಿ" ಎಂದೆ. "ನೀವು ಕಂಡದ್ದ ಬರ್ದೀರಿ, ತಗೋರಿ" ಎಂದು ಅವರು ಸಮಾಧಾನ ಹೇಳಿದರು. ಪೂರ್ತಿ ಸಂಗತಿ ಅವರಿಗೆ ಗೊತ್ತಿರಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಅದು ಎರಡನೆಯ ತಪ್ಪು.

ಹದಿನೈದು ದಿನ ಹೀಗೇ ಕಳೆಯಿತು. ಕೊನೆಗೆ ಮರುಪರೀಕ್ಷೆಯ ನೆಪ ಮಾಡಿ ನಸೀಮಾಳನ್ನೂ ಮಾರುತಿಯನ್ನೂ ಕರೆದುಕೊಂಡು ಆ ಊರಿಗೆ ಹೋದೆ. ಖಾನಾಪುರ ದಾಟಿ, ಬಸ್ಸು ನಿಲ್ಲುವಲ್ಲಿಂದ ಮೂರು ಕಿಲೋಮೀಟರು ನಡಿಗೆ. ಅತ್ತೆ ಗಂಗೂಬಾಯಿ ಪಡಸಾಲೆಯಲ್ಲಿ ಕೂತಿದ್ದರು. ಮೊಣಕಾಲು ನೋವಿನಿಂದ ಅವರು ಗದ್ದೆಗೆ ಇಳಿಯದೆ ಏಳೆಂಟು ವರ್ಷವಾಗಿತ್ತಂತೆ. ಹಿತ್ತಲಲ್ಲಿ ಪೇರಲ ಗಿಡ ಇತ್ತು.

"ಬರ್ರಿ ಸಾಹೇಬ್ರ, ಕುಂದರ್ರಿ" ಎಂದು ಚಾಪೆ ಹಾಸಿದರು. ಡಬ್ಬಿಯ ಮಾತು ತೆಗೆದ ಕೂಡಲೇ ನಾನು ಕೇಳುವುದಕ್ಕೂ ಕಾಯದೆ ಹೇಳಿದರು.

"ಎಲ್ಲಾ ಡಬ್ಬೀನೂ ನಾನಽ ತುಂಬಿ ಕೊಟ್ಟಿದ್ದೆರಿ. ಬಸರಿ ಹೆಂಗಸಿನ ಉಗರ, ಕೂದಲಾ ಹೊರಗ ಚೆಲ್ಲೂದಿಲ್ಲ ನಮ್ಮಲ್ಲಿ. ಯಾರರೆ ಕರಣಿ ಮಾಡಿಸಿದ್ರ? ಹಂತಾದ್ರಾಗ ಇದನ್ನ ಪರ ಗಂಡಸರ ಕೈಯಾಗ ಹೆಂಗ ಕೊಡೂದ್ರಿ? ಮೊದಲ ಒಂದ ಹೋಗಿತ್ತು ಆಕೀದು, ಮೂರ ತಿಂಗಳದ್ದು. ಇದರೆ ಉಳೀಲಿ ಅಂತ ಹಂಗ ಮಾಡ್ದೆ. ಮನ್ಯಾಗಿನ ಉಳದವ್ರದು ಸಿಕ್ರೂ ಕರಣಿ ಆಕಿಗೇ ತಟ್ಟತೈತಿ ಅಂತ ಎಲ್ಲಾರ ಡಬ್ಬ್ಯಾಗೂ ನಂದಽ ಹಾಕಿದ್ದೆ."

ಕರಣಿ ಎಂದರೆ ಮಾಟ. ಸೋಮಾರಿತನವೋ ಅಸಡ್ಡೆಯೋ ಇರಬಹುದು ಎಂದುಕೊಂಡು ಬಂದಿದ್ದೆ. ಆಕೆ ಮಾಡಿದ್ದು ಸೊಸೆಯ ಮೇಲಿನ ಕಾಳಜಿಯಿಂದ. ಬಾಗಿಲ ಹಿಂದೆ ಹಿರಿಯ ಸೊಸೆ ನಿಂತಿದ್ದಳು, ಅವಳ ಮುಖವೂ ಬಿಳಿಚಿಕೊಂಡಿತ್ತು.

"ಖರೇ ಹೇಳ್ರಿ ಸಾಹೇಬ್ರ. ಆಕೀ ಡಬ್ಬಿನಽ ಕೊಟ್ಟಿದ್ರ ಆಕಿ ಉಳೀತಿದ್ಲು?" ಎಂದು ಗಂಗೂಬಾಯಿ ಕೇಳಿದರು.

ಸುಳ್ಳು ಹೇಳಬಹುದಿತ್ತು. ದಾರಿಯುದ್ದಕ್ಕೂ ಸುಳ್ಳು ಹೇಳುವುದೆಂದೇ ಗಟ್ಟಿ ಮಾಡಿಕೊಂಡಿದ್ದೆ, ಆದರೆ ಬಾಯಿಂದ ನಿಜವೇ ಬಂತು.

"ಉಳೀತಿದ್ಲು ಅಂತ ಹೇಳಾಕ ಬರೂದಿಲ್ಲ ಅಕ್ಕಾರ. ಔಷಧಾ ಅಂತೂ ಸಿಗ್ತಿತ್ತು. ಆದ್ರ ಆ ಐದೂ ಒಬ್ಬರದಽ ಅಂತ ನನಗ ಅವತ್ತಽ ಗೊತ್ತಾಗಿತ್ತು. ನಾ ತಿರುಗಿ ಕೇಳಲಿಲ್ಲ."

ಗಂಗೂಬಾಯಿ ನನ್ನ ಕಡೆ ಪೂರ್ತಿ ತಿರುಗಿದರು.

"ನಿಮಗ ಗೊತ್ತಿತ್ತು?"

"ಹೂಂನ್ರಿ."

"ನಾ ಅಡಾಣಿ, ಸಾಲಿ ಕಲೀದ ಹೆಂಗಸು, ತಿಳೀದ ಮಾಡ್ದೆ. ತಿಳಿದವ್ರು ನೀವು."

ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದರು. ಚಹಾ ಕುಡೀರಿ ಎನ್ನಲಿಲ್ಲ. ಆ ಸೀಮೆಯಲ್ಲಿ ಚಹಾ ಕೇಳದೆ ಯಾರೂ ಯಾರನ್ನೂ ಕಳಿಸುವುದಿಲ್ಲ.

ಬೆಳಗಾವಿಗೆ ಬಂದು ಮೇಲಧಿಕಾರಿಗಳಿಗೆ ಇದ್ದದ್ದು ಇದ್ದ ಹಾಗೆ ಬರೆದು ಕೊಟ್ಟೆ. ಒಂದು ಮೆಮೋ ಬಂತು, ಅಷ್ಟೇ. ನನಗೆ ಅದು ಕಡಿಮೆ ಎನ್ನಿಸಿತು. ಆ ಊರುಗಳ ಸಮೀಕ್ಷೆ ಮೊದಲಿನಿಂದ ನಡೆಯಿತು. ಈ ಸಲ ನಸೀಮಾ ಊರ ಸೂಲಗಿತ್ತಿಯನ್ನು ಜೊತೆಗೆ ಕರೆದುಕೊಂಡು ಹಿತ್ತಲ ಬಾಗಿಲಿಂದ ಹೋದಳು. ಡಬ್ಬಿಯ ಮೇಲೆ ಹೆಸರಿನ ಬದಲು ಬರೀ ಅಂಕಿ. ಕೆಲಸ ಮುಗಿದ ಮೇಲೆ ಸುಟ್ಟು ಹಾಕುತ್ತೇವೆ, ಯಾರ ಕೈಗೂ ಸಿಗುವುದಿಲ್ಲ ಎಂದು ಪ್ರತಿ ಮನೆಯಲ್ಲೂ ಕೂತು ಹೇಳಿದಳು. ಮೊದಲು ನಾವು "ಹುಳು ಇಲ್ಲ" ಎಂದು ನಕ್ಷೆಯಲ್ಲಿ ಹಸಿರು ಬಳಿದಿದ್ದ ಊರುಗಳೆಲ್ಲ ಒಂದೊಂದಾಗಿ ಕೆಂಪಾದವು. ಹುಳು ಇರದಿದ್ದದ್ದು ಆ ಊರುಗಳಲ್ಲಿ ಅಲ್ಲ, ಬೇರೆಯವರದನ್ನು ತುಂಬಿ ನಮಗೆ ಕೊಟ್ಟ ಡಬ್ಬಿಗಳಲ್ಲಿ.

ಆಮೇಲೆ ಹನ್ನೊಂದು ವರ್ಷ ಅದೇ ಮೇಜಿನಲ್ಲಿ ಕೂತೆ. ಹೊಸಬರಿಗೆ ಮೊಟ್ಟೆ ಗುರುತಿಸುವುದು ಕಲಿಸುವ ಮೊದಲು ಒಂದೇ ಮಾತು ಹೇಳುತ್ತಿದ್ದೆ: ಏನು ಕಂಡಿತು ಎಂದು ಬರೆಯುವ ಮುಂಚೆ ಯಾರದ್ದನ್ನು ನೋಡಿದೆ ಎಂದು ಕೇಳಿಕೋ, ಅನುಮಾನ ಬಂದರೆ ನಗಬೇಡ, ವಾಪಸ್ ಕಳಿಸು.

ಸುರೇಖಾ ಹೋದ ವರ್ಷದ ಡಿಸೆಂಬರಿನಲ್ಲೇ, ಎರಡನೆಯ ಸಮೀಕ್ಷೆಯಲ್ಲಿ, ಆ ಮನೆಯಿಂದ ಒಂದು ಡಬ್ಬಿ ಬಂತು. ಹಿರಿಯ ಸೊಸೆಯದು. ಗಂಗೂಬಾಯಿ ತಾವೇ ನಸೀಮಾಳ ಕೈಗೆ ಕೊಟ್ಟರಂತೆ. ಮುಚ್ಚಳದ ಸುತ್ತ ದೃಷ್ಟಿ ತಾಗದಿರಲೆಂದು ಕರಿ ದಾರ ಕಟ್ಟಿ, ಮೂರು ಗಂಟು ಹಾಕಿದ್ದರು. ನಸೀಮಾ ಕತ್ತರಿ ಚಾಚಿದಳು. ಬೇಡವೆಂದು ಕೈಯಿಂದಲೇ ಒಂದೊಂದೇ ಗಂಟು ಬಿಚ್ಚಿದೆ. ಕೊಕ್ಕೆಹುಳು ಇತ್ತು. ಅವತ್ತೇ ಸಂಜೆಯ ಬಸ್ಸಿಗೆ ಔಷಧ ಕಳಿಸಿದೆ.